ಸತ್ತವರ ಗಾದಿ

ಕೋಲು ಊರಿ ಹಾರುವ ಪೋಲ್‌ವಾಲ್ಟ್ ಆಟ ನೋಡುವಾಗ ನನ್ನ ಗಂಡ ಹಾರುವವನನ್ನು ನೋಡುತ್ತಿರಲಿಲ್ಲ, ಅವನು ಬೀಳುವ ಗಾದಿಯನ್ನು ನೋಡುತ್ತಿದ್ದರು. ಯಾವುದೋ ದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಕೂಟದ ಗಂಡಸರ ಫೈನಲ್ಲನ್ನು ಮರುದಿನ ಚಹಾ ಕುಡಿಯುವ ಹೊತ್ತಿಗೆ ಫೋನಿನಲ್ಲಿ ಹಾಕಿ, ನಡುನಡುವೆ ನಿಲ್ಲಿಸಿ ನನಗೆ ತೋರಿಸುವರು.

"ನೋಡಿಲ್ಲೆ, ಗಾದಿ ನಮ್ಮ ಪಡಸಾಲಿಗಿಂತ ದೊಡ್ಡದೈತಿ."

"ಅಂವಾ ಎಷ್ಟ ಎತ್ತರ ಹಾರಿದಾ ಅದನ್ನ ಹೇಳ್ರಿ."

"ಬೀಳಾಕ ಜಾಗಾ ಇದ್ರ ಯಾರಾದ್ರೂ ಹಾರ್ತಾರ. ನೀನೂ ಹಾರ್ತೀ."

"ನಾ ಹಾರಾಕ ಹೋದ್ರ ನಿಮಗ ರೊಟ್ಟಿ ಬಡಿಯವರು ಯಾರ್ರಿ?"

ಹಾನಗಲ್ ತಾಲೂಕಿನ ನಮ್ಮ ಊರಿನ ಹೈಸ್ಕೂಲಿಗೆ ಅವರು ಪಿ.ಟಿ. ಮಾಸ್ತರರು. ಅಲ್ಲಿ ಒಂದು ಬಿದಿರಿನ ಕೋಲು, ಎರಡು ಕಂಬ, ಬೀಳಲು ಮರಳಿನ ಗುಂಡಿ ಇದ್ದವು. ಮೊದಲ ವರ್ಷವೇ ಒಬ್ಬ ಹುಡುಗನ ಮೊಣಕೈ ಮುರಿಯಿತು. ಗಾದಿ ಬೇಕೆಂದು ಬರೆದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಆಗ ಅವರಿಗೆ ಹೊಳೆದದ್ದು ಸತ್ತವರ ಗಾದಿ.

ನಮ್ಮಲ್ಲಿ ಸತ್ತವರು ಮಲಗಿದ್ದ ಗಾದಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮಣ್ಣು ಮಾಡಿದ ದಿನವೇ ಹಳ್ಳದ ದಂಡೆಗೆ ಒಯ್ದು ಬಿಸಾಡುತ್ತಾರೆ. ಒಳ್ಳೆಯ ಹತ್ತಿ ಅಲ್ಲೇ ಕೊಳೆಯುತ್ತದೆ. ಇವರು ಸಾವಿನ ಮನೆಗೆ ಮಾತಾಡಿಸಲು ಹೋದರೆ, ಏಳುವ ಮುಂಚೆ ಮೆಲ್ಲಗೆ, "ಗಾದಿ ಒಗೀಬ್ಯಾಡ್ರಿ, ಸಾಲಿಗೆ ಕೊಡ್ರಿ" ಎನ್ನುವರು. ತಡಸದಿಂದ ತಂದರು, ಹಿರೇಕೆರೂರಿನಿಂದಲೂ ತಂದರು. ಸವಣೂರಿಗೆ ಹೋದ ದಿನವಂತೂ ಮೋಟರ್ ಸೈಕಲ್ಲಿನ ಹಿಂದೆ ಯಾರದೋ ಗಾದಿ, ಮುಂದೆ ನನಗೆ ಆ ಊರಿನ ಹೆಸರಾದ ಕುರುಕಲು ಖಾರದ ಪೊಟ್ಟಣ. ನಾನು ಬೈಯುತ್ತಲೇ ಖಾರ ತಿನ್ನುತ್ತಿದ್ದೆ. ಗಾದಿ ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹಾಕಿ, ಹೊಸ ಗವಸು ಹೊಲಿದವಳೂ ನಾನೇ. ಹೀಗೆ ಹದಿನಾಲ್ಕಾದವು. ಒಂದರ ಪಕ್ಕ ಒಂದು, ಒಂದರ ಮೇಲೊಂದು ಪೇರಿಸಿ ತಾಡಪತ್ರಿ ಹೊದಿಸಿದರು. ಆಮೇಲೆ ಯಾರ ಕೈಯೂ ಮುರಿಯಲಿಲ್ಲ.

ಈ ವರ್ಷ ಅವರಿಗೆ ಕಾಮಾಲೆಯಾಯಿತು. ಹನ್ನೊಂದು ದಿನ ಮಲಗಿದರು. ಕೊನೆಯಲ್ಲಿ ನನಗೆ ಹೇಳಿದ್ದು ಒಂದೇ ಮಾತು.

"ನನ್ನ ಗಾದಿ ಹಳ್ಳಕ್ಕ ಒಗ್ಯಾಕ ಬಿಡಬ್ಯಾಡ. ಸಾಲಿ ಗಾದಿ ಕೋಲು ಊರೂ ಕಡೆ ತೆಳ್ಳಗಾಗೇತಿ, ಅಲ್ಲಿ ಹಾಕು."

ಮಣ್ಣು ಮಾಡಿ ಬಂದು ನೋಡಿದರೆ ಅವರು ಮಲಗಿದ್ದ ಮೂಲೆ ಖಾಲಿ. ಮೈದುನನನ್ನು ಕೇಳಿದೆ.

"ಹಾಕಿ ಬಂದ್ನಿ, ವೈನಿ. ಸಾಯೂ ಮುಂದ ಮನಷ್ಯಾ ಏನೇನೋ ಅಂತಾನ. ಅದನ್ನೆಲ್ಲಾ ಹಿಡಕೊಂಡ ಕುಂದರತೀರೇನು?"

ಕಂಡವರ ಗಾದಿಗೆಲ್ಲ ಜಾಗ ಮಾಡಿಕೊಟ್ಟವರ ಗಾದಿ ಹಳ್ಳಕ್ಕೆ ಹೋಯಿತು. ಅದನ್ನು ತರಲು ಎದ್ದರೆ ಹೆಂಗಸರು ನನ್ನನ್ನು ಹಿಡಿದು ಕೂರಿಸಿದರು. ಅತ್ತುಬಿಡು, ಅತ್ತುಬಿಡು ಎಂದರು. ನನಗೆ ಅಳು ಬರಲಿಲ್ಲ.

ಶಾಲೆಯಲ್ಲಿ ಸಂತಾಪ ಸಭೆ ಮಾಡಿದರು. ಮಕ್ಕಳನ್ನು ಎತ್ತರಕ್ಕೆ ಒಯ್ದವರು ಎಂದು ಹೆಡ್ಮಾಸ್ತರರು ಹೊಗಳಿದರು. ಆ ಮಕ್ಕಳು ಎಲ್ಲಿ ಬೀಳುತ್ತಿದ್ದರು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಹೋಗಿ ಮೈಕು ಕಿತ್ತುಕೊಳ್ಳಬೇಕೆನಿಸಿತು. ದೊಡ್ಡ ಫೋಟೋ ಕೈಗೆ ಕೊಟ್ಟರು, ಹಿಡಿದುಕೊಂಡು ಬಂದೆ.

ಹೋದ ವಾರ ಮತ್ತೆ ಆ ಕೂಟ ಬಂತು. ಅವರ ಫೋನಿನಲ್ಲೇ ಫೈನಲ್ ಹಾಕಿದೆ. ಗೆದ್ದವನು ಅಡ್ಡಕೋಲಿನ ಆಚೆ ಬೆನ್ನು ಕೆಳಗಾಗಿ ಬಿದ್ದ, ಒಂದು ಗಳಿಗೆ ಹಾಗೇ ಮಲಗಿದ್ದ, ಆಮೇಲೆ ಎದ್ದು ಕುಣಿದ. ಅವನು ಎದ್ದದ್ದೇ ನನಗೆ ತಡೆಯಲಾಗದ ಸಿಟ್ಟು ಬಂತು. ಫೋನನ್ನು ಅಲ್ಲೇ ಬಿಟ್ಟು ಹಳ್ಳಕ್ಕೆ ಹೋದೆ.

ಗಾದಿ ಜಾಲಿಗಿಡದ ಬುಡದಲ್ಲಿತ್ತು. ಒಂದು ಮಗ್ಗುಲು ತೊಯ್ದು ಕಪ್ಪಾಗಿತ್ತು. ಹೊತ್ತುಕೊಂಡು ನಡು ಮಧ್ಯಾಹ್ನ ಊರ ನಡುವೆಯೇ ಬಂದೆ.

"ಯವ್ವಾ, ಅದೇನ್ ಹೊತಗೊಂಡ ಹೊಂಟೀ?" ಎಂದು ಕಟ್ಟೆಯ ಮೇಲಿನ ಮುದುಕ ಕೇಳಿದ.

"ಗಾದಿ. ಕಣ್ಣ ಕಾಣಂಗಿಲ್ಲೇನು?"

ಹಿರಿಯರಿಗೆ ನಾನು ಎಂದೂ ಹಾಗೆ ಅಂದವಳಲ್ಲ. ಅಂದೆ.

ಕೆಟ್ಟ ಹತ್ತಿ ತೆಗೆದು, ಉಳಿದದ್ದನ್ನು ಒಣಗಿಸಿ, ಗವಸು ಹೊಲಿದು ಶಾಲೆಗೆ ಒಯ್ದೆ. ಹೆಡ್ಮಾಸ್ತರರು ಅಡ್ಡ ಬಂದರು.

"ಅಕ್ಕಾರ, ಹೊಸಾ ಗಾದಿಗೆ ಅರ್ಜಿ ಹಾಕೇವ್ರಿ. ಇದು ಬ್ಯಾಡ್ರಿ, ಮಕ್ಕಳು ಅಂಜತಾವ."

"ಉಳದ ಹದಿನಾಕು ಯಾರವು ಅಂತ ತಿಳದೀರಿ? ಮದುವಿ ಮನೀವೇನ್ರಿ?"

ತಾಡಪತ್ರಿ ಎತ್ತಿ, ಕೋಲು ಊರುವ ಕಡೆ ಗಾದಿ ಹಾಕಿ ಬಂದೆ.

ಮರುದಿನ ಹೋಗಿ ನೋಡಿದರೆ ಅದನ್ನು ಪಾಯಖಾನೆಯ ಗೋಡೆಗೆ ಆನಿಸಿಟ್ಟಿದ್ದರು. ಎಳೆದು ತಂದು ಮತ್ತೆ ಹಾಕಿದೆ. ನಿನ್ನೆಯೂ ತೆಗೆದಿಟ್ಟಿದ್ದರು. ಈ ಸಲ ಮನೆಯಿಂದ ದಬ್ಬಣ, ಸುತಳಿ ಒಯ್ದಿದ್ದೆ. ಬಿಸಿಲಿನಲ್ಲಿ ಕುಳಿತು ಅವರ ಗಾದಿಯನ್ನು ಪಕ್ಕದ್ದಕ್ಕೆ, ಪಕ್ಕದ್ದನ್ನು ಅದರ ಪಕ್ಕದ್ದಕ್ಕೆ, ಕೆಳಗಿನವಕ್ಕೂ ಸೇರಿಸಿ ಹೊಲಿದೆ. ಬೆರಳು ಎರಡು ಕಡೆ ತೂತಾಯಿತು. ಇನ್ನು ತೆಗೆಯುವುದಾದರೆ ಹದಿನೈದನ್ನೂ ತೆಗೆಯಲಿ.