ಕಿಸೆಯಲ್ಲಿದ್ದ ಫ್ಯೂಸು

ವೈರ್‌ಮನ್ ಕಾಕಾನ ಅಂಗಿಯ ಎಡಗಿಸೆ ಯಾವಾಗಲೂ ಜೋತುಬಿದ್ದಿರುತ್ತಿತ್ತು. ಹರಿದಾಗೆಲ್ಲ ಅವರ ಮನೆಯವರು ಕೈಗೆ ಸಿಕ್ಕ ಬಣ್ಣದ ದಾರದಿಂದ ಹೊಲಿದ ಕಿಸೆ ಅದು. ನರಗುಂದದ ನಮ್ಮ ಕಲ್ಯಾಣಮಂಟಪದಲ್ಲಿ ಎಲ್ಲೇ ವೈರು ಮುಟ್ಟಬೇಕಾದರೂ ಅವರು ಮೊದಲು ದೊಡ್ಡ ಬೋರ್ಡಿನಿಂದ ಆ ಲೈನಿನ ಪಿಂಗಾಣಿ ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಕೆಲಸ ಮುಗಿಯುವ ತನಕ ಅದು ಯಾರ ಕೈಗೂ ಸಿಗುತ್ತಿರಲಿಲ್ಲ.

ಮಂಟಪದ ಮ್ಯಾನೇಜರ್ ನಾನು. ಮೂಗಿನ ತುದಿಯಲ್ಲೇ ಸಿಟ್ಟು. ಅಡುಗೆಮನೆಗೊಂದು, ಊಟದ ಹಾಲಿಗೊಂದು, ವೇದಿಕೆಗೊಂದು ಎಂದು ಬೋರ್ಡಿನಲ್ಲಿ ಬೇರೆ ಬೇರೆ ಲೈನು ಮಾಡಿದವರು ಕಾಕಾ. ಇಷ್ಟೆಲ್ಲ ಯಾಕೆಂದು ನಾನು ರೇಗಿದರೆ, ಒಂದು ಮನೆಯ ಜಗಳ ಓಣಿಗೆಲ್ಲ ಹಬ್ಬಬಾರದು ಎಂದು ನಕ್ಕಿದ್ದರು.

ಒಂದು ಮದುವೆಯ ದಿನ ಊಟದ ಹಾಲಿನ ಟ್ರಿಪ್ ಸ್ವಿಚ್ಚು ಮೇಲಿಂದ ಮೇಲೆ ತಾನೇ ಬಿದ್ದು ಕರೆಂಟು ಹೋಗತೊಡಗಿತು. ಬೆವರುತ್ತಿದ್ದ ಬೀಗರು ನನ್ನನ್ನು ಬೈಯುತ್ತಿದ್ದರು. ಅದನ್ನು ತೆಗೆದುಹಾಕಿ ನೇರ ವೈರು ಜೋಡಿಸಿ ಎಂದು ಎಲ್ಲರೆದುರು ಕಾಕಾನ ಮೇಲೆ ಕೂಗಾಡಿದೆ. ಅವರು ಮೆಲ್ಲಗೆ ಹೇಳಿದರು:

“ಅದು ಸುಮ್ನ ಬೀಳೂದಿಲ್ರಿ ಸಾಹೇಬ್ರ. ಯಾರ್ನೋ ಉಳಸಾಕ ಬಿದ್ದಿರತೈತಿ.”

ಲೈನು ಬಂದ್ ಮಾಡಿ ಹುಡುಕಿದರು. ಕೂಲರಿನ ತಗಡಿಗೆ ವೈರು ತಾಗಿತ್ತು. ಅದರ ಮುಂದಿನ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರ ಪೈಕಿ ನನ್ನ ಮಗಳೂ ಇದ್ದಳು. ತಪ್ಪಾಯಿತು ಎನ್ನಲು ಅವತ್ತು ನನಗೆ ನಾಲಿಗೆ ಏಳಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಹೋದ ವರ್ಷ ಮತ್ತೊಂದು ಮದುವೆ. ಬೆಳಿಗ್ಗೆ ನೋಡಿದರೆ ವೇದಿಕೆಗೆ ಕರೆಂಟಿಲ್ಲ, ಬೋರ್ಡಿನಲ್ಲಿ ಫ್ಯೂಸೂ ಇಲ್ಲ. ಹಿಂದಿನ ಸಂಜೆ ಕಾಕಾ ಕೆಲಸ ಅರ್ಧಕ್ಕೆ ಬಿಟ್ಟು ಮನೆಗೆ ಹೋದರೆಂದು ವಾಚ್‌ಮನ್ ಹೇಳಿದ. ಫೋನು ಹಚ್ಚಿ, ನಮ್ಮ ಫ್ಯೂಸು ಕಿಸೆಯಲ್ಲಿಟ್ಟುಕೊಂಡು ಎಲ್ಲಿ ಮಲಗಿದ್ದೀರಿ ಎಂದು ಒದರಿದೆ. ಫೋನು ಎತ್ತಿದವರು ಅವರ ಹೆಂಡತಿ. ಎದೆನೋವೆಂದು ಹುಬ್ಬಳ್ಳಿಗೆ ಒಯ್ಯುವಾಗ, ದವಾಖಾನೆ ಮುಟ್ಟುವ ಮೊದಲೇ ಕಾಕಾ ಹೋಗಿಬಿಟ್ಟಿದ್ದರು.

ಅವರ ಮನೆಗೆ ಓಡಿದೆ. ಪಡಸಾಲೆಯಲ್ಲಿ ಕಾಕಾನ ದೇಹವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಅವರ ಹೆಂಡತಿ ಫ್ಯೂಸನ್ನು ನನ್ನ ಅಂಗೈಯಲ್ಲಿಟ್ಟರು.

“ಗಾಡ್ಯಾಗೂ ಇದನ್ನ ಬಿಡ್ಲಿಲ್ರಿ. ವೇದಿಕಿ ವೈರ್ ಬಿಚ್ಚಿಟ್ಟೀನಿ, ಸಾಹೇಬ್ರು ಸಿಟ್ಟಿಗೇಳ್ತಾರ, ಆದ್ರೂ ವೈರ್ ಮುಚ್ಚಿದ ಮ್ಯಾಲೇ ಹಾಕ್ಬೇಕಂತ ಹೇಳು ಅಂದ್ರು.”

ಕಾಕಾನ ಕಾಲು ಹಿಡಿದು ತಪ್ಪಾಯಿತು ಎಂದೆ. ಕೇಳಬೇಕಾದವರಿಗೆ ಕೇಳಲಿಲ್ಲ. ಈಗ ಮಂಟಪದಲ್ಲಿ ಯಾರೇ ವೈರು ಬಿಚ್ಚಿದರೂ ಅದರ ಫ್ಯೂಸು ನನ್ನ ಕಿಸೆಯಲ್ಲಿರುತ್ತದೆ. ಬೀಗರು ಎಷ್ಟೇ ಬೈದರೂ ನಾನು ಕೊಡುವುದಿಲ್ಲ.