ಬೆಲ್ಲದ ದಾರಿ, ಹೊಗೆಯ ದಾರಿ

ಕಲ್ಲೋಳಿಯಲ್ಲಿ ನಮ್ಮ ಮನೆಯೆದುರು ಕಬ್ಬಿನ ಟ್ರಾಲಿಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ ಕಾಕಾ ಸದಾ ದವಡೆಯಲ್ಲಿ ಬೆಲ್ಲದ ತುಂಡು ಇಟ್ಟುಕೊಂಡಿರುತ್ತಿದ್ದರು. ಯಾರಾದರೂ ಮಾಸ್ಕ್ ಹಾಕ್ಕೊಳ್ರಿ ಎಂದರೆ ಆ ದವಡೆಯನ್ನೇ ತಟ್ಟಿ ತೋರಿಸುವರು: “ಬೆಲ್ಲಾ ತಿಂದ್ರ ಹೊಗಿ ತೊಳಕೊಂಡ ಹೋಗತೈತಿ.”

ಸೋಮವಾರದ ಭಜನೆಯಲ್ಲಿ ಅವರ ಏರುದನಿಗೆ ಓಣಿಯೇ ತಲೆದೂಗುತ್ತಿತ್ತು. ಆ ದನಿ ಅರ್ಧ ಸಾಲಿಗೇ ಕೆಮ್ಮಾಗಿ ಒಡೆದ ದಿನ ಅವರ ಹೆಂಡತಿ ಬೆಲ್ಲದ ಡಬ್ಬಿ ಕಸಿದುಕೊಂಡರು. “ಬೆಲ್ಲಾ ಹೋಗೂದು ಹೊಟ್ಟಿಗೆ, ಹೊಗಿ ಹೋಗೂದು ಎದಿಗೆ. ದಾರಿನ ಬ್ಯಾರೆ ಅದಾವ್ರಿ!”

ಮರುದಿನವೇ ಕಾಕಾ ಶೆಡ್ಡಿನ ಹಿಂದಿನ ತಗಡು ಕತ್ತರಿಸಿ, ಹೊಗೆ ಎಳೆಯುವ ಫ್ಯಾನ್ ಕೂರಿಸಿದರು. ಆಮೇಲೆ ಮಾಸ್ಕ್ ಇಲ್ಲದೆ ಕಿಡಿ ಹಾರಿಸಲಿಲ್ಲ.

ಮುಂದಿನ ಶ್ರಾವಣದ ಭಜನೆಯಲ್ಲಿ ಅದೇ ಸಾಲನ್ನು ಒಂದೇ ಉಸಿರಿನಲ್ಲಿ ಏರಿಸಿ ನಿಲ್ಲಿಸಿದಾಗ ತಾಳ ಹಾಕುವವರೇ ತಾಳ ಮರೆತರು. ಕಾಕಾ ಹೆಂಡತಿಯತ್ತ ಅಂಗೈ ಚಾಚಿದರು: “ಈಗರೆ ಕೊಡ ಬೆಲ್ಲಾ. ಹೊಗಿಗಲ್ಲ, ಗೆದ್ದಿದ್ದಕ್ಕ!”