ಬಾಯಿ ತುಂಬ ಎಲೆ

ನಮ್ಮ ಮೇಷ್ಟ್ರ ಎಡಗೆನ್ನೆ ಸಂಜೆ ಮಾತ್ರ ಊದಿಕೊಳ್ಳುತ್ತಿತ್ತು. ಹಗಲೆಲ್ಲ ಸಪಾಟಾಗಿದ್ದ ಮುಖ, ಶಾಲೆ ಬಿಟ್ಟ ಮೇಲೆ ಓದಲು ಬಾರದ ನಾವು ನಾಲ್ವರು ಉಳಿದೊಡನೆ, ಎಲೆ-ಅಡಿಕೆ ತುರುಕಿಕೊಂಡು ಒಂದು ಕಡೆಗೆ ಉಬ್ಬುತ್ತಿತ್ತು. ಕಾರಣ ನಾನೇ.

ಕಂಪ್ಲಿಯ ಆ ಶಾಲೆಯಲ್ಲಿ ನನ್ನಷ್ಟು ಚೆನ್ನಾಗಿ ಪಾಠ ಒಪ್ಪಿಸುವವರಿರಲಿಲ್ಲ; ನನ್ನಷ್ಟು ಓದಲು ಬಾರದವರೂ ಇರಲಿಲ್ಲ. ಒಮ್ಮೆ ಕಿವಿಗೆ ಬಿದ್ದರೆ ಸಾಕು, ಓದಿದವರ ಕೆಮ್ಮಿನ ಸಮೇತ ಹಿಂದಕ್ಕೆ ಕೊಡುತ್ತಿದ್ದೆ. ಹೆಡ್‌ಮೇಷ್ಟ್ರ ಮೂಗಿನ ರಾಗದಲ್ಲಿ ಶುರುಮಾಡಿ, ನಮ್ಮಪ್ಪ ಗಾಣದ ಎತ್ತಿಗೆ ಬೈಯುವ ವರಸೆಯಲ್ಲಿ ಮುಗಿಸುತ್ತಿದ್ದೆ. ಕಣ್ಣು ಪುಸ್ತಕದ ಮೇಲಿರುತ್ತಿತ್ತು, ಸುಮ್ಮನೆ ಮರ್ಯಾದೆಗೆ.

ಹೊಸದಾಗಿ ಬಂದ ಈ ಮೇಷ್ಟ್ರು ಮೊದಲ ದಿನವೇ ಹಿಡಿದರು. ನಾನು ಒಪ್ಪಿಸುತ್ತಿದ್ದಾಗ ಮೆಲ್ಲಗೆ ಪುಟ ಮಗುಚಿದರು. ನಾನು ಹಳೇ ಪಾಠವನ್ನೇ ಮುಂದುವರಿಸಿದೆ.

"ಲೇ, ನಿನ್ನ ಕಿವಿ ಓದ್ತೈತಿ, ಕಣ್ಣು ನಿದ್ದಿ ಹೊಡೀತೈತಿ. ನಿನ್ನ ಮುಂದ ನಾ ಒಂದಕ್ಷರಾನೂ ಓದಂಗಿಲ್ಲ."

ಅವರಿಗೆ ಅದು ಸುಲಭವಿರಲಿಲ್ಲ. ನಾನು ತಡವರಿಸಿದರೆ ಅವರ ತುಟಿ ತಾನಾಗಿ ಅಲುಗುತ್ತಿತ್ತು. ಅದಕ್ಕೇ ಬಾಯಿಗೆ ಎಲೆ. ಬೆರಳಿನಿಂದ ಅಕ್ಷರ ತೋರಿಸಿ ಕಾಯುತ್ತಿದ್ದರು. ಆ ಕಾಯುವುದಿದೆಯಲ್ಲ! ನನಗೂ ರೇಗುತ್ತಿತ್ತು, ಅವರಿಗೂ ರೇಗುತ್ತಿತ್ತು. ಒಂದು ಸಾಲಿಗೆ ಸಂಜೆಯೇ ಮುಗಿಯುತ್ತಿತ್ತು, ಮರುದಿನಕ್ಕೆ ಅದೂ ಮರೆತಿರುತ್ತಿತ್ತು. ಅವರು 'ಹ್ಞೂಂ' ಎಂದು ನರಳಿ, ಎದ್ದು ಉಗುಳಿ ಬಂದು, ಇನ್ನೊಂದು ಎಲೆ ತುರುಕಿಕೊಂಡು ಮೊದಲಿನಿಂದ ತೋರಿಸುತ್ತಿದ್ದರು.

ಆ ವರ್ಷ ಫೇಲಾದರೆ ಶಾಲೆ ಬಿಡಿಸಿ ಗಾಣಕ್ಕೆ ಹಚ್ಚುತ್ತೇನೆಂದು ಅಪ್ಪ ಹೇಳಿಯಾಗಿತ್ತು. ಪರೀಕ್ಷೆಗೆ ಹೊಸಪೇಟೆಯಿಂದ ಬಂದ ಇನ್‌ಸ್ಪೆಕ್ಟರು ನಾವು ಕಾಣದ ಪುಸ್ತಕವೊಂದನ್ನು ತೆರೆದು ನನ್ನ ಮುಂದಿಟ್ಟರು. ನಾನು ಪುಸ್ತಕ ಬಿಟ್ಟು ನಮ್ಮ ಮೇಷ್ಟ್ರ ತುಟಿ ನೋಡತೊಡಗಿದೆ. ಹೆಡ್‌ಮೇಷ್ಟ್ರು ನಮ್ಮ ಮೇಷ್ಟ್ರ ಕಿವಿಯಲ್ಲಿ ಪಿಸುಗುಟ್ಟಿದರು: "ಒಂದ್ಸಲ ಓದಿ ತೋರಿಸ್ರಿ. ಗಿಣಿ ಹಂಗ ಹೇಳ್ತಾನ. ಎಲ್ಲಾರ ಮಾನ ಉಳೀತೈತಿ."

ನಾನು ಕಿವಿ ನಿಮಿರಿಸಿದೆ. ಮೇಷ್ಟ್ರು ನನ್ನ ಮುಖ ನೋಡಿದರು. ಸಂಚಿ ಬಿಚ್ಚಿ, ಇನ್‌ಸ್ಪೆಕ್ಟರ ಎದುರಿಗೇ ಎಲೆ ಬಾಯಿಗಿಟ್ಟುಕೊಂಡರು. ಮೊದಲ ಅಕ್ಷರದ ಮೇಲೆ ಬೆರಳಿಟ್ಟರು.

ಓದಿದೆ. ಒಂದೇ ಸಾಲು, ಕುಂಟುತ್ತ, ಯಾರದ್ದೂ ಅಲ್ಲದ ನನ್ನದೇ ಒಡಕು ಧ್ವನಿಯಲ್ಲಿ. ಎರಡನೆಯದಕ್ಕೆ ಇನ್‌ಸ್ಪೆಕ್ಟರಿಗೆ ತಾಳ್ಮೆಯಿರಲಿಲ್ಲ. "ಸಾಕು, ಫೇಲ್" ಎಂದರು. ಅಧಿಕಾರಿಯ ಮುಂದೆ ಎಲೆ ಜಗಿದ ತಪ್ಪಿಗೆ ಮೇಷ್ಟ್ರನ್ನು ಆದವಾನಿ ಕಡೆಗೆ ಎತ್ತಿಹಾಕಿದರು. ತೆಲುಗು ಮಕ್ಕಳ ನಡುವೆ ಕನ್ನಡ ಓದಿಸುವವರಿಗೆ ಏನು ಕೆಲಸವೋ! ಸಂಜೆಯ ಪಾಠ ಅಲ್ಲಿಗೇ ನಿಂತಿತು. ಉಳಿದ ಮೂವರು ಇವತ್ತಿಗೂ ಹೆಬ್ಬೆಟ್ಟು ಒತ್ತುತ್ತಾರೆ. ನೆನೆದರೆ ಮೈ ಉರಿಯುತ್ತದೆ.

ನಾನು ಗಾಣಕ್ಕೆ ಹೋದೆ. ಮಂಡಕ್ಕಿ ಕಟ್ಟಿಕೊಟ್ಟ ಪತ್ರಿಕೆಯ ಚೂರುಗಳನ್ನು ಬೆರಳಿಟ್ಟು, ಬೈದುಕೊಳ್ಳುತ್ತ ಓದಿದೆ. ತಡವಾಗಿಯಾದರೂ ಬಂತು.

ಹೋದ ವರ್ಷ ಮೇಷ್ಟ್ರು ಆದವಾನಿಯಲ್ಲೇ ತೀರಿಕೊಂಡರಂತೆ. ಆ ಮೂವರಲ್ಲೊಬ್ಬ ಗಾಣದಲ್ಲಿ ನನ್ನ ಜೊತೆಗಿದ್ದಾನೆ. "ಹೆಡ್‌ಮೇಷ್ಟ್ರ ಹಂಗ ಓದಲೇ" ಎಂದರೆ ಓದಿ ನಗಿಸುತ್ತೇನೆ. ಮೊನ್ನೆ, "ನಮ್ಮ ಎಲಿ ಮೇಷ್ಟ್ರ ಹಂಗ ಓದು ನೋಡೂಣು" ಎಂದ. ಅವರು ಓದಿದ್ದನ್ನು ನಾನು ಎಂದಾದರೂ ಕೇಳಿದ್ದರೆ ತಾನೇ! ಕೆನ್ನೆ ಉಬ್ಬಿಸಿ, ಪತ್ರಿಕೆಯ ಚೂರೊಂದನ್ನು ಅವನ ಮುಂದೆ ಹರವಿ, ಮೊದಲ ಅಕ್ಷರದ ಮೇಲೆ ಬೆರಳಿಟ್ಟೆ.

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಕಣ್ಣು ಕಿರಿದು ಮಾಡಿದ. "ಏನೈತಿ ಅಂತ ನೀನ ಹೇಳಿಬಿಡಲೇ, ಸಾಕು" ಎಂದು ರೇಗಿದ.

ನಾನು ಬಾಯಿ ಬಿಡಲಿಲ್ಲ.